ಕಾಫಿ ಲೋಟ ತೊಳೆಯುವ ಸರದಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಮಾಡಿದ ಭಾಷಣ)



ಸಮಿತಿಯವರು ನನಗೆ ಫೋನ್ ಮಾಡಿ, ‘ನೀವು ಸಾಫ್ಟ್‌ವೇರ್‌ನಲ್ಲಿದ್ದೀರಿ, ಕೃತಕ ಬುದ್ಧಿಮತ್ತೆ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ’ ಎಂದರು. ‘ಅದನ್ನು ಮಕ್ಕಳು ಈಗಾಗಲೇ ಮೊಬೈಲಿನಲ್ಲಿ ನೋಡಿಕೊಂಡಿರುತ್ತಾರೆ, ನಾನು ಕಾಫಿ ಬಗ್ಗೆ ಮಾತಾಡುತ್ತೇನೆ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಕಾಫಿ ವ್ಯವಸ್ಥೆ ನಾವೇ ಮಾಡಿದ್ದೀವಿ, ನೀವು ತಲೆ ಕೆಡಿಸಿಕೊಳ್ಳಬೇಡಿ’ ಎಂದರು. ಅವರಿಗೆ ವಿಷಯ ಅರ್ಥ ಮಾಡಿಸಲು ಇನ್ನೂ ಎರಡು ಫೋನ್ ಬೇಕಾಯಿತು. ಕಾಫಿ ಬಗ್ಗೆ ಮಾತಾಡಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ಕಬ್ಬು, ಭತ್ತ, ತೆಂಗು, ರೇಷ್ಮೆ ಬೆಳೆಯುವ ಮದ್ದೂರು ತಾಲ್ಲೂಕಿನಲ್ಲಿ ಒಂದು ಕಾಫಿ ಗಿಡವೂ ಇಲ್ಲ. ರೈಲಿನಲ್ಲಿ ಹೋಗುವವರಿಗೆ ಮದ್ದೂರು ಅಂದರೆ ವಡೆ. ಕಾಫಿ ಏನಿದ್ದರೂ ಆ ವಡೆಯ ಹಿಂದೆ ಬರುವುದು. ಆದರೂ ಈ ಶಾಲೆಯ ಐವತ್ತು ವರ್ಷದಲ್ಲಿ ನನ್ನ ಪಾಲಿನ ಮೂರು ವರ್ಷವನ್ನು ನೆನೆದರೆ ನನಗೆ ಮೊದಲು ಬರುವುದು ಕಾಫಿಯ ವಾಸನೆ. ಅದು ಯಾಕೆ ಅಂತ ಹೇಳುತ್ತೇನೆ.

ನಾನು ಚಿಕ್ಕವನಿದ್ದಾಗ ಮೂರು ಥರದ ಕಾಫಿ ಕುಡಿದಿದ್ದೇನೆ.

ಮೊದಲನೆಯದು ಮನೆಯದು. ನಮ್ಮದು ನಾಲೆ ನೀರು ತಲುಪದ ಕಡೆಯ ಅರ್ಧ ಎಕರೆ ಹೊಲ. ರಾಗಿ ಒಕ್ಕಣೆ ಮುಗಿದು ಸಂಕ್ರಾಂತಿ ಕಳೆಯಿತೆಂದರೆ ಮನೆಯಲ್ಲಿ ಕೈಗೆ ಕೆಲಸವಿಲ್ಲ. ಆಗ ನಮ್ಮ ಕೇರಿಯಿಂದ ಎಂಟು ಹತ್ತು ಜನ ಗಂಟು ಕಟ್ಟಿಕೊಂಡು ಕೊಡಗಿಗೆ ಹೊರಡುತ್ತಿದ್ದರು, ಕಾಫಿ ಹಣ್ಣು ಕೊಯ್ಯಲು. ಮದ್ದೂರಿನಿಂದ ಮೈಸೂರಿಗೆ ರೈಲು, ಅಲ್ಲಿಂದ ಹುಣಸೂರಿನ ಮೇಲೆ ಬಸ್ಸು. ಅಪ್ಪ ಅವ್ವ ಇಬ್ಬರೂ ಹೋಗುತ್ತಿದ್ದರು. ನಾನು, ತಂಗಿ ಅಜ್ಜಿಯ ಹತ್ತಿರ. ಅವರು ಲೈನ್ ಮನೆಯಲ್ಲಿದ್ದುಕೊಂಡು, ಶಿವರಾತ್ರಿ ಆಸುಪಾಸಿಗೆ ವಾಪಸ್ಸು ಬರುವಾಗ, ಅವ್ವನ ಸೀರೆಯ ಗಂಟಿನಲ್ಲಿ ಎರಡು ಮೂರು ಸೇರು ಒಣಗಿದ ಕಾಫಿ ಹಣ್ಣು ಇರುತ್ತಿತ್ತು. ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉಳಿದ ಉದುರು ಆರಿಸಿಕೊಳ್ಳಲು ರೈಟರು ಬಿಡುತ್ತಿದ್ದರಂತೆ. ಬಿಡುತ್ತಿದ್ದರೋ, ನೋಡಿಯೂ ನೋಡದ ಹಾಗೆ ಇರುತ್ತಿದ್ದರೋ, ಅವ್ವನನ್ನು ಕೇಳಿದರೆ ಇವತ್ತಿಗೂ ಸರಿಯಾಗಿ ಹೇಳುವುದಿಲ್ಲ.

ಅದನ್ನು ಒರಳಿಗೆ ಹಾಕಿ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿ, ಸಿಪ್ಪೆ ಹಾರಿಸಿ, ರಾಗಿ ರೊಟ್ಟಿ ಸುಡುವ ಹೆಂಚಿನ ಮೇಲೆಯೇ ಹುರಿಯುತ್ತಿದ್ದಳು. ಬೀಜ ಮೊದಲು ಹಳದಿಗೆ ತಿರುಗಿ ಹುಲ್ಲಿನ ವಾಸನೆ ಬರುತ್ತದೆ. ಆಮೇಲೆ ಸುಟ್ಟ ರೊಟ್ಟಿಯ ವಾಸನೆ. ಆಮೇಲೆ ಸಾಸಿವೆ ಸಿಡಿದ ಹಾಗೆ ಚಟಚಟ. ಆ ಸದ್ದು ನಿಂತ ಮೇಲೆ ಇಷ್ಟು ಹೊತ್ತು ಎಂದು ಅವಳಿಗೆ ಒಂದು ಅಂದಾಜು. ಅಷ್ಟಕ್ಕೆ ಇಳಿಸಿ, ಮತ್ತೆ ಒರಳು. ಕುದಿಯುವ ನೀರಿಗೆ ಪುಡಿ, ಅಚ್ಚು ಬೆಲ್ಲ, ಬಟ್ಟೆಯಲ್ಲಿ ಸೋಸಿದರೆ ಆಯಿತು. ಹಾಲು ಇದ್ದ ದಿನ ಹಾಲು, ಇಲ್ಲದ ದಿನ ಹಾಗೇ. ನನಗೆ ಆ ಕಾಫಿ ಇಷ್ಟವಿರಲಿಲ್ಲ. ಕಹಿ, ತಳದಲ್ಲಿ ಗಷ್ಟು. ಅಂಗಡಿಯ ಪೊಟ್ಟಣದ ಪುಡಿ ತರಬಾರದೇ ಎಂದು ಗಲಾಟೆ ಮಾಡುತ್ತಿದ್ದೆ.

ಎರಡನೆಯದು ಹೋಟೆಲ್ ಕಾಫಿ. ತೊಂಬತ್ತರ ದಶಕದ ಮಾತು. ಸಂತೆಗೆ ಹೋಗುವ ದಾರಿಯಲ್ಲಿ ಒಂದು ಹೋಟೆಲು. ಯಾವ ಊರು, ಯಾರದು ಎಂದು ಹೇಳುವುದಿಲ್ಲ. ಹೋಟೆಲೂ ಈಗಿಲ್ಲ, ನಡೆಸುತ್ತಿದ್ದವರೂ ಇಲ್ಲ. ಒಳಗೆ ಬೆಂಚು, ಮೇಜು, ಸ್ಟೀಲ್ ಲೋಟ. ಹೊರಗೆ ಸೂರಿನ ಕೆಳಗೆ, ಗೋಡೆಯ ಗೂಡಿನಲ್ಲಿ ಮೂರು ಗಾಜಿನ ಲೋಟ. ನಮ್ಮ ಕೇರಿಯವರಿಗೆ ಆ ಲೋಟ. ಅಪ್ಪ ಒಂದು ಲೋಟ ತೆಗೆದು ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದ. ಅವರು ಬಂದು ಎತ್ತರದಿಂದ ಕಾಫಿ ಸುರಿದು ಹೋಗುತ್ತಿದ್ದರು. ಕುಡಿದಾದ ಮೇಲೆ ತೊಟ್ಟಿಯ ಹತ್ತಿರ ಹೋಗಿ ಲೋಟ ತೊಳೆದು, ಗೂಡಿನಲ್ಲಿ ಬೋರಲು ಹಾಕಿ, ದುಡ್ಡನ್ನು ಕಟ್ಟೆಯ ಮೇಲಿಟ್ಟು ಹೊರಡುವುದು. ನಿಜ ಹೇಳಬೇಕೆಂದರೆ ನನಗೆ ಆಗ ಬೇಜಾರಾಗಿರಲಿಲ್ಲ. ಒಳಗಿನವರಿಗೆ ಸ್ಟೀಲು, ನಮಗೆ ಗಾಜು. ಗಾಜಿನಲ್ಲಿ ಕಾಫಿಯ ಬಣ್ಣ ಕಾಣುತ್ತದೆ, ನಮ್ಮದೇ ಚೆಂದ ಎಂದು ನಾನು ಹೆಮ್ಮೆಪಟ್ಟಿದ್ದೆ. ಅಪ್ಪನಿಗೆ ಅದನ್ನು ಹೇಳಿದ್ದೆ ಕೂಡ. ಅಪ್ಪ ಏನೂ ಮಾತಾಡಲಿಲ್ಲ.

ಮೂರನೆಯದು ನಮ್ಮ ಗಣಿತದ ಮೇಷ್ಟ್ರ ಮನೆಯ ಕಾಫಿ. ಅವರ ಹೆಸರು ಹೇಳಬಾರದೆಂದು ಬೆಳಿಗ್ಗೆಯೇ ಅಪ್ಪಣೆ ಮಾಡಿದ್ದಾರೆ. ಮುಂದಿನ ಸಾಲಿನಲ್ಲೇ ಕೂತಿರುವುದರಿಂದ ಮೀರುವ ಧೈರ್ಯ ನನಗಿಲ್ಲ. ಅವರಿಂದ ಕಲಿತ ನಿಮಗೆಲ್ಲ ಗೊತ್ತೇ ಇದೆ.

ಮೇಷ್ಟ್ರು ಆಗ ಊರಿನಲ್ಲಿ ಬಾಡಿಗೆ ಮನೆಯಲ್ಲಿದ್ದರು. ಹತ್ತನೇ ತರಗತಿಯವರಿಗೆ ಭಾನುವಾರ ಬೆಳಿಗ್ಗೆ ಪುಕ್ಕಟೆ ಪಾಠ. ಒಟ್ಟು ಹನ್ನೊಂದು ಹುಡುಗರು. ಏಳು ಗಂಟೆಗೆ ಹೋದರೆ ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತಿರುತ್ತಿತ್ತು. ಮೇಲಿನ ಪಾತ್ರೆಯ ತಳದಲ್ಲಿ ಸಣ್ಣ ತೂತು, ಪುಡಿಯ ಮೇಲೆ ಕೊಡೆಯಂಥ ತಟ್ಟೆ, ಅದರ ಮೇಲೆ ಬಿಸಿನೀರು. ಒಂದೇ ಸಲ ನೀರು ಸುರಿಯಬಾರದು. ಮೊದಲು ಪುಡಿ ನೆನೆಯುವಷ್ಟು ಹಾಕಿ ಅರ್ಧ ನಿಮಿಷ ಬಿಡಬೇಕು, ಪುಡಿಯಲ್ಲಿರುವ ಗಾಳಿ ಗುಳ್ಳೆಯಾಗಿ ಹೊರಗೆ ಹೋಗಲಿ ಎಂದು ಹೇಳಿಕೊಟ್ಟವರು ಅವರು. ನುಣ್ಣಗಿನ ಪುಡಿಯಾದರೆ ಯಾಕೆ ನಿಧಾನ, ತರಿಯಾದರೆ ಯಾಕೆ ಬೇಗ, ಮೇಲ್ಮೈ ವಿಸ್ತೀರ್ಣ ಎಂದರೇನು ಎಲ್ಲವೂ ಆ ಫಿಲ್ಟರಿನ ಮುಂದೆಯೇ. ಘನದ ಒಂದು ಬಾಹುವನ್ನು ಅರ್ಧ ಮಾಡುತ್ತಾ ಹೋದರೆ ಒಟ್ಟು ಮೇಲ್ಮೈ ಎಷ್ಟು ಹೆಚ್ಚುತ್ತದೆ ಎಂಬ ಲೆಕ್ಕ ನಾನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಮಾಡಿದ್ದು ಕಾಫಿ ಪುಡಿಯಿಂದ.

ಒಂಬತ್ತು ಗಂಟೆಗೆ ಎಲ್ಲರಿಗೂ ಅರ್ಧರ್ಧ ಲೋಟ ಕಾಫಿ. ಹನ್ನೊಂದೂ ಒಂದೇ ಅಳತೆಯ ಸ್ಟೀಲ್ ಲೋಟ. ಮೊದಲ ಭಾನುವಾರ ನಾನು ಕುಡಿದ ಲೋಟ ತೆಗೆದುಕೊಂಡು ಹಿತ್ತಲಿಗೆ ಎದ್ದೆ. ತೊಳೆದು ಬೇರೆ ಇಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ, ಕಾಲು ತಾನಾಗಿಯೇ ಎದ್ದಿತು. ಮೇಷ್ಟ್ರು, ‘ಎಲ್ಲಿಗೆ ಹೊರಟೆ? ಇವತ್ತು ನಿನ್ನ ಸರದಿಯಲ್ಲ, ಕೂತ್ಕೊ’ ಎಂದರು. ಆಮೇಲೆ ಹಾಜರಿ ಪಟ್ಟಿಯ ಪ್ರಕಾರ ಸರದಿ ಹೇಳಿದರು. ಆ ದಿನ ಯಾರ ಸರದಿಯೋ ಅವರು ಮೇಷ್ಟ್ರದೂ ಸೇರಿ ಹನ್ನೆರಡು ಲೋಟವನ್ನೂ ತೊಳೆಯಬೇಕು. ಹನ್ನೆರಡನೇ ವಾರ ಮೇಷ್ಟ್ರ ಸರದಿ. ಜಾತಿಯ ಬಗ್ಗೆ ಒಂದು ಮಾತೂ ಅವರು ಆಡಲಿಲ್ಲ. ಅಷ್ಟು ಹೇಳಿ ಬೋರ್ಡಿನ ಕಡೆ ತಿರುಗಿದರು.

ಅದು ಅಷ್ಟು ಸಲೀಸಾಗಿ ನಡೆಯಲಿಲ್ಲ. ಮೂರನೇ ವಾರ ಸರದಿ ಬಂದ ಗೆಳೆಯನೊಬ್ಬ ಲೋಟ ತೊಳೆದು ಮನೆಗೆ ಹೋದ. ಯಾರದೆಲ್ಲ ಲೋಟ ತೊಳೆದ ಎಂಬ ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಮುಂದಿನ ಎರಡು ಭಾನುವಾರ ಅವನು ಬರಲಿಲ್ಲ. ಶಾಲೆಯಲ್ಲಿ ನನ್ನ ಮುಖ ನೋಡುತ್ತಿರಲಿಲ್ಲ, ನಾನೂ ನೋಡುತ್ತಿರಲಿಲ್ಲ. ಮೇಷ್ಟ್ರ ಮನೆಗೆ ಊರಿನ ನಾಲ್ಕು ಜನ ಹೋಗಿ ಮಾತಾಡಿದರು ಎಂದು ಆಮೇಲೆ ತಿಳಿಯಿತು. ಏನು ಮಾತಾಡಿದರು ಎಂಬುದು ಇವತ್ತಿಗೂ ತಿಳಿದಿಲ್ಲ. ಮೂರನೇ ಭಾನುವಾರ ಏಳು ಗಂಟೆಗೆ ಅವನು ಪುಸ್ತಕ ಹಿಡಿದು ಬಂದು ನನ್ನ ಪಕ್ಕ ಕೂತ. ‘ಏನಂದ್ರೋ ಮನೇಲಿ?’ ಅಂತ ಕೇಳಿದೆ. ‘ಫೇಲಾದ್ರೆ ನೀವೇ ಪಾಠ ಹೇಳ್ಕೊಡಿ ಅಂದೆ’ ಅಂದ. ಅವನು ಈಗ ಪಂಚಾಯಿತಿ ಸದಸ್ಯ. ಅಲ್ಲಿ ಶಾಮಿಯಾನದ ಕಂಬ ಹಿಡಿದುಕೊಂಡು ನಗುತ್ತಾ ನಿಂತಿರುವವನೇ.

ಆ ವರ್ಷ ಹನ್ನೊಂದು ಜನವೂ ಎಸ್ಸೆಸ್ಸೆಲ್ಸಿ ಪಾಸಾದೆವು. ನಾನು ಮದ್ದೂರಿನಲ್ಲಿ ಪಿಯುಸಿ, ಮಂಡ್ಯದಲ್ಲಿ ಬಿ.ಇ. ಮುಗಿಸಿ ಬೆಂಗಳೂರು ಸೇರಿದೆ.

ಬೆಂಗಳೂರಿನಲ್ಲಿ ಸಂಬಳ ಬರತೊಡಗಿದ ಮೇಲೆ ನನಗೆ ಕಾಫಿಯ ಹುಚ್ಚು ಹಿಡಿಯಿತು. ಕೆಲವರಿಗೆ ಬೈಕು, ಕೆಲವರಿಗೆ ಸೈಟು, ನನಗೆ ಕಾಫಿ ಸಾಮಾನು. ಮೊದಲು ಇಟಲಿಯ ಮೋಕಾ ಪಾತ್ರೆ. ಅಲ್ಯೂಮಿನಿಯಂನ ಎಂಟು ಮೂಲೆಯ ಪುಟ್ಟ ಹೂಜಿ. ಕೆಳಗೆ ನೀರು, ನಡುವೆ ಪುಡಿ, ಒಲೆಯ ಮೇಲಿಟ್ಟರೆ ಹಬೆಯ ಒತ್ತಡಕ್ಕೆ ಬಿಸಿನೀರು ಪುಡಿಯ ಮೂಲಕ ಮೇಲಕ್ಕೆ ಏರುತ್ತದೆ. ನಮ್ಮ ಫಿಲ್ಟರಿನಲ್ಲಿ ನೀರು ಇಳಿಯುತ್ತದೆ, ಅದರಲ್ಲಿ ಹತ್ತುತ್ತದೆ. ಅದನ್ನು ಬಿಯಾಲೆಟ್ಟಿಯವರು ಮಾರುಕಟ್ಟೆಗೆ ತಂದದ್ದು 1933ರಲ್ಲಿ, ನಮ್ಮ ಮಂಡ್ಯದಲ್ಲಿ ಮೈಷುಗರ್ ಕಂಪನಿ ಶುರುವಾದ ವರ್ಷ. ಆಮೇಲೆ ವಿಯೆಟ್ನಾಂನ ಫಿನ್ ಬಂತು. ಅದು ಥೇಟ್ ನಮ್ಮ ಫಿಲ್ಟರಿನ ತಮ್ಮ, ಲೋಟದ ಮೇಲೆಯೇ ಕೂರುತ್ತದೆ. ಆಮೇಲೆ ಕಾಗದದ ಸೋಸುಕ. 1908ರಲ್ಲಿ ಜರ್ಮನಿಯ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ ಮಗನ ಶಾಲೆಯ ನೋಟ್‌ಬುಕ್ಕಿನ ಒತ್ತುಕಾಗದ ಹರಿದು ಸೋಸಿ ನೋಡಿ ಕಂಡುಹಿಡಿದದ್ದು. ಆಮೇಲೆ ಏರೋಪ್ರೆಸ್. ಕೊನೆಗೆ, ಹೆಂಡತಿ ಎರಡು ದಿನ ಮಾತು ಬಿಟ್ಟ ಬೆಲೆಗೆ, ಒಂದು ಎಸ್ಪ್ರೆಸೊ ಯಂತ್ರ.

ಎಸ್ಪ್ರೆಸೊ ಯಂತ್ರದ ಬಗ್ಗೆ ಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ಪುಡಿಯೊಳಗೆ ನುಗ್ಗಿಸುತ್ತಾರೆ, ಅರ್ಧ ನಿಮಿಷದೊಳಗೆ ಕಾಫಿ ಇಳಿದಿರುತ್ತದೆ. 9 ಬಾರ್ ಅಂದರೆ ಎಷ್ಟು? ನಮ್ಮ ಕನ್ನಂಬಾಡಿ ಕಟ್ಟೆ 124.80 ಅಡಿ ಭರ್ತಿಯಾದಾಗ ಬುಡದಲ್ಲಿ ನೀರು ಒತ್ತುವ ಒತ್ತಡ ನಾಲ್ಕು ಬಾರ್ ಮುಟ್ಟುವುದಿಲ್ಲ. ಅದರ ಎರಡು ಪಟ್ಟಿಗೂ ಹೆಚ್ಚು ಒತ್ತಡ ಒಂದು ಹಿಡಿ ಕಾಫಿ ಪುಡಿಯ ಮೇಲೆ. ಮನೆಗೆ ಹೋಗಿ ಲೆಕ್ಕ ಹಾಕಿ ನೋಡಿ, ಹತ್ತು ಮೀಟರ್ ನೀರಿಗೆ ಒಂದು ಬಾರ್ ಎಂದಿಟ್ಟುಕೊಂಡರೆ ಸಾಕು.

ಅವ್ವ ಬೆಂಗಳೂರಿಗೆ ಬಂದಾಗ ಅಡುಗೆಮನೆಯ ಕಟ್ಟೆ ತುಂಬಾ ಈ ಸಾಮಾನು. ಏರೋಪ್ರೆಸ್ ಎತ್ತಿ ನೋಡಿ, ‘ಇದೇನ್ಲಾ ಇದು, ದನಿನ ಡಾಕ್ಟ್ರು ಪಿಚಕಾರಿ ಇದ್ದಂಗದೆ’ ಅಂದಳು. ಪುಡಿಯ ಪೊಟ್ಟಣ ಮೂಸಿದಳು. ಕೊಡಗಿನ ಒಂದೇ ತೋಟದ ರೊಬಸ್ಟಾ, ಹಣ್ಣಿನೊಂದಿಗೇ ಒಣಗಿಸಿದ್ದು, ಕಾಲು ಕೆ.ಜಿ.ಗೆ ಆರುನೂರು ರೂಪಾಯಿ ಎಂದು ನಾನು ವಿವರಿಸಿದೆ. ‘ಅಲ್ಲಾ ಕಣಪ್ಪಾ, ನಾನು ಸೆರಗಲ್ಲಿ ಕಟ್ಕೊಂಡು ಬತ್ತಿದ್ದುದೂ ಇದೇಯ. ಆಗ ಬೇಡ ಅಂತ ಕಾಲು ಬಡ್ದು ಅಳ್ತಿದ್ದೆ’ ಎಂದಳು. ಹೌದು, ಅದೇ.

ಅದಾದ ಮೇಲೆ ನಾನು ಕಾಫಿಯ ಬೆನ್ನು ಹತ್ತಿ ತಿರುಗತೊಡಗಿದೆ. ರಜೆ ಸಿಕ್ಕರೆ ಚಿಕ್ಕಮಗಳೂರು. ಬಾಬಾ ಬುಡನ್ ಅವರು 1670ರ ಸುಮಾರಿಗೆ ಯೆಮನ್‌ನ ಮೋಕಾ ಬಂದರಿನಿಂದ ಏಳು ಬೀಜ ತಂದು ಆ ಗಿರಿಯಲ್ಲಿ ನೆಟ್ಟರು ಎಂಬ ಪ್ರತೀತಿ ನಿಮಗೆಲ್ಲ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಳೆಹೊನ್ನೂರು. ಅಲ್ಲಿನ ಕಾಫಿ ಸಂಶೋಧನಾ ಕೇಂದ್ರವನ್ನು ಮೈಸೂರು ಸಂಸ್ಥಾನ 1925ರಲ್ಲಿ ಶುರುಮಾಡಿತು. ಎಲೆ ತುಕ್ಕು ರೋಗ ಸಿಂಹಳದ ಕಾಫಿಯನ್ನು ನಾಶ ಮಾಡಿ ಅಲ್ಲಿನವರು ಚಹಾಕ್ಕೆ ತಿರುಗಿದ್ದರು. ನಮ್ಮ ಮಲೆನಾಡಿಗೂ ಅದೇ ಗತಿ ಬರದಂತೆ ರೋಗ ತಡೆಯುವ ತಳಿ ಬೇಕಿತ್ತು. ಇವತ್ತಿಗೂ ನಮ್ಮ ತೋಟಗಳಲ್ಲಿರುವ ಎಸ್. 795 ಎಂಬ ಅರೇಬಿಕಾ ತಳಿ ಅಲ್ಲಿಯದು. ಈ ಕೇಂದ್ರದ ಹಿಂದಿದ್ದವರು ಆಗಿನ ಕೃಷಿ ನಿರ್ದೇಶಕ ಡಾ. ಲೆಸ್ಲಿ ಕೋಲ್ಮನ್, ಕೆನಡಾದವರು. ಆ ಹೆಸರು ಎಲ್ಲೋ ಕೇಳಿದ್ದೇನಲ್ಲ ಅಂದುಕೊಂಡೆ. ಮಂಡ್ಯದ ವಿ.ಸಿ. ಫಾರಂ ಕಟ್ಟಿದವರು, ಮೈಷುಗರ್ ಕಾರ್ಖಾನೆಗೆ ದುಡಿದವರು ಅವರೇ! ಬಯಲಿಗೆ ಕಬ್ಬು, ಗುಡ್ಡಕ್ಕೆ ಕಾಫಿ, ಎರಡರ ಹಿಂದೆಯೂ ಒಬ್ಬನೇ ಮನುಷ್ಯ. ನಮ್ಮ ಮನೆಯ ಬೆಲ್ಲದ ಕಾಫಿ ಕುಡಿದಿದ್ದರೆ ಕೋಲ್ಮನ್ ಸಾಹೇಬರಿಗೆ ಖುಷಿಯಾಗುತ್ತಿತ್ತೇನೋ.

2019ರಲ್ಲಿ ಕಂಪನಿ ಕೆಲಸದ ಮೇಲೆ ಮಿಲಾನ್‌ಗೆ ಹೋದೆ. ಇಟಲಿಯಲ್ಲಿ ಕಾಫಿ ಅಂಗಡಿಯನ್ನು ಬಾರ್ ಅನ್ನುತ್ತಾರೆ, ಹೆಂಗಸರು, ಪಾದ್ರಿಗಳು, ಪೊಲೀಸರು ಎಲ್ಲರೂ ಹೋಗುತ್ತಾರೆ. ಅಲ್ಲಿ ಕಟ್ಟೆಯ ಮುಂದೆ ನಿಂತು ಕುಡಿದರೆ ಒಂದು ಬೆಲೆ, ಕೂತು ಕುಡಿದರೆ ಹೆಚ್ಚು ಬೆಲೆ. ಅದಕ್ಕೇ ಎಲ್ಲರೂ ನಿಲ್ಲುತ್ತಾರೆ. ಮೊದಲ ದಿನ ನನಗೆ ನಿಲ್ಲಲು ಮನಸ್ಸಾಗಲಿಲ್ಲ. ಹೆಚ್ಚು ದುಡ್ಡು ಕೊಟ್ಟು ಮೂಲೆಯ ಕುರ್ಚಿಯಲ್ಲಿ ಕೂತೆ. ನನ್ನ ಮೇಲಧಿಕಾರಿ, ಕೋಟು ಟೈ ಹಾಕಿದವನು, ಕಟ್ಟೆಗೆ ಮೊಣಕೈ ಊರಿ ನಿಂತುಕೊಂಡು, ರಸ್ತೆ ಗುಡಿಸುವವನ ಭುಜಕ್ಕೆ ಭುಜ ತಾಗಿಸಿಕೊಂಡು ಎರಡು ಗುಟುಕಿನಲ್ಲಿ ಮುಗಿಸಿ, ಬಟ್ಟಲನ್ನು ಅಲ್ಲೇ ಬಿಟ್ಟ. ಇಬ್ಬರ ಬಟ್ಟಲನ್ನೂ ಅಂಗಡಿಯವನು ಒಂದೇ ಕೈಯಲ್ಲಿ ಎತ್ತಿ ತೊಳೆಯುವ ಯಂತ್ರಕ್ಕೆ ಹಾಕಿದ. ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಕಾಫಿ ಆರಿಹೋಯಿತು. ಮಾರನೇ ದಿನದಿಂದ ನಾನೂ ನಿಂತೆ.

ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಎಸ್ಪ್ರೆಸೊ ಮೇಲಿನ ಕಂದು ನೊರೆ ಗಟ್ಟಿಯಾಗಿ ನಿಲ್ಲಲು ಅವರು ರೊಬಸ್ಟಾ ಬೆರೆಸುತ್ತಾರೆ. ನನ್ನ ಮುಂದಿನ ಬಟ್ಟಲಿನಲ್ಲಿ ಕೊಡಗಿನ ಬೀಜ ಇದ್ದರೂ ಇರಬಹುದು. ಮೇಷ್ಟ್ರ ಶಿಷ್ಯನಾದ್ದರಿಂದ ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಹಾಕಿದೆ. ಅವ್ವ ಒಂದು ದಿನಕ್ಕೆ 40 ಕೆ.ಜಿ. ಹಣ್ಣು ಕೊಯ್ಯುತ್ತಿದ್ದಳು. ಸುಮಾರು ಐದು ಕೆ.ಜಿ. ಹಣ್ಣಿಗೆ ಒಂದು ಕೆ.ಜಿ. ಬೀಜ, ಅಂದರೆ 8 ಕೆ.ಜಿ. ಹುರಿದಾಗ ತೂಕ ಇಳಿದು ಆರೂವರೆ. ಒಂದು ಎಸ್ಪ್ರೆಸೊಗೆ 7 ಗ್ರಾಂ ಪುಡಿ. ಒಂಬೈನೂರಕ್ಕೂ ಹೆಚ್ಚು ಬಟ್ಟಲು. ಬಟ್ಟಲಿಗೆ ಒಂದು ಯೂರೋ ಹಿಡಿದರೂ ಎಪ್ಪತ್ತು ಸಾವಿರ ರೂಪಾಯಿ. ಅವ್ವನಿಗೆ ಆ ದಿನದ ಕೂಲಿ ಅರವತ್ತು ರೂಪಾಯಿ. 2002ರ ಕೂಲಿಯನ್ನು 2019ರ ಬೆಲೆಯ ಜೊತೆ ಹೋಲಿಸಬಾರದು ಎಂದು ಮೇಷ್ಟ್ರು ಈಗಲೇ ತಲೆಯಾಡಿಸುತ್ತಿದ್ದಾರೆ. ಸರಿ ಸಾರ್, ಕೂಲಿಯನ್ನು ಐದು ಪಟ್ಟು ಮಾಡಿ ಮುನ್ನೂರು ಅನ್ನೋಣ. ನಡುವೆ ಸಾಗಣೆ, ಹುರಿಯುವ ಖರ್ಚು, ಅಂಗಡಿ ಬಾಡಿಗೆ, ತೆರಿಗೆ ಎಲ್ಲ ಇವೆ. ತೋಟದವರಿಗೂ ಬಿಳಿ ಕಾಂಡ ಕೊರಕದ ಹುಳು, ಬೆಲೆ ಕುಸಿತ, ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಕೈಕೊಟ್ಟರೆ ಇಡೀ ವರ್ಷದ ಫಸಲು ಹೋಗುವ ಭಯ ಎಲ್ಲ ಇದೆ. ಯಾರನ್ನೂ ಕಳ್ಳರು ಎನ್ನಲು ಈ ಲೆಕ್ಕ ಹೇಳುತ್ತಿಲ್ಲ. ಆ ಕರವಸ್ತ್ರವನ್ನು ಎಸೆಯಲು ಆಗಲಿಲ್ಲ, ಇವತ್ತಿಗೂ ನನ್ನ ಹತ್ತಿರ ಇದೆ, ಅಷ್ಟೇ.

ಇನ್ನೊಂದು ಪ್ರಯಾಣ ಸ್ಟಾಕ್‌ಹೋಮ್‌ಗೆ. ಅಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವನು ಇಥಿಯೋಪಿಯಾದವನು. ಅರೇಬಿಕಾ ಕಾಫಿಯ ತವರು ಅವರ ದೇಶ. ಒಂದು ಭಾನುವಾರ ಮನೆಗೆ ಕರೆದ. ಅವನ ತಾಯಿ ನೆಲದ ಮೇಲೆ ಹುಲ್ಲು ಹರಡಿ, ಪುಟ್ಟ ಮಣೆಯ ಮೇಲೆ ಕೂತು, ಹಸಿ ಬೀಜ ತೊಳೆದು, ಬಾಣಲೆಯಲ್ಲಿ ಹುರಿದರು. ಚಟಚಟ ಸದ್ದು ಬಂತು. ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಂದೆಯೂ ಹಿಡಿದರು, ನಾವು ಮಂಗಳಾರತಿ ತೆಗೆದುಕೊಳ್ಳುವ ಹಾಗೆ ಅವರು ಆ ಹೊಗೆಯನ್ನು ಕೈಯಿಂದ ಎಳೆದುಕೊಳ್ಳುತ್ತಾರೆ. ಆಮೇಲೆ ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಬಗ್ಗಿಸಿದರು. ಒಂದೇ ಪುಡಿಗೆ ಮೂರು ಸಲ ನೀರು: ಮೊದಲನೆಯದು ಅಬೋಲ್, ಎರಡನೆಯದು ತೋನಾ, ಮೂರನೆಯದು ಬರಕಾ. ಮೂರನೆಯದಕ್ಕೆ ರುಚಿ ಕಡಿಮೆ. ಆದರೆ ಅದಕ್ಕೆ ಮೊದಲು ಎದ್ದು ಹೋಗಬಾರದು. ನಂಚಿಕೊಳ್ಳಲು ಹುರಿದ ಜೋಳದ ಅರಳು.

ನಾನು ತಡೆಯಲಾರದೆ ಅವ್ವನಿಗೆ ವಿಡಿಯೋ ಕರೆ ಮಾಡಿದೆ. ಅವ್ವ ಬಾಣಲೆ ನೋಡಿದವಳೇ, ‘ಆ ತಾಯಿಗೇಳು, ಇನ್ನೊಂಚೂರು ಹುರೀಬೇಕಿತ್ತು’ ಅಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ, ಗೆಳೆಯ ಅಮ್ಹಾರಿಕ್‌ನಲ್ಲಿ ಹೇಳಿದ. ಆ ತಾಯಿ ಜೋರಾಗಿ ನಕ್ಕು ಏನೋ ಅಂದರು. ‘ನಿಮ್ಮ ಕಡೆಯವರು ಸುಟ್ಟು ಕುಡಿಯುತ್ತೀರಿ’ ಅಂದರಂತೆ. ಅರ್ಧ ಗಂಟೆ ಇಬ್ಬರೂ ಬಾಣಲೆ, ಒನಕೆ ತೋರಿಸಿಕೊಂಡು ವಾದ ಮಾಡಿದರು. ನಾವಿಬ್ಬರು ಇಂಜಿನಿಯರುಗಳು ನಡುವೆ ದುಭಾಷಿ ಕೆಲಸ ಮಾಡಿಕೊಂಡು ಕೂತಿದ್ದೆವು.

ಕಡೆಯದು ಕೊಡಗು. ಎರಡು ವರ್ಷದ ಹಿಂದೆ ಅವ್ವನನ್ನು ಕರೆದುಕೊಂಡು ಹೋದೆ. ಅಪ್ಪ ಆಗಲೇ ಇರಲಿಲ್ಲ. ಅವಳು ಕೂಲಿ ಮಾಡಿದ ತೋಟ ಈಗ ಯಾರದೋ ಕೈಗೆ ಹೋಗಿದೆ. ಅದರ ಹತ್ತಿರವೇ ಒಂದು ಹೋಂಸ್ಟೇಯಲ್ಲಿ ಉಳಿದೆವು. ಬೆಳಿಗ್ಗೆ ತೋಟ ತೋರಿಸಲು ಬಂದ ಹುಡುಗ, ಕಾಳುಮೆಣಸಿನ ಬಳ್ಳಿ, ಸಿಲ್ವರ್ ಓಕ್, ನೆರಳು ಯಾಕೆ ಬೇಕು ಎಂದೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಅವ್ವ ಒಂದು ಗಿಡದ ರೆಂಬೆ ಬಗ್ಗಿಸಿ, ಕಾಯಿ ಬಿಟ್ಟು ಹಣ್ಣನ್ನು ಮಾತ್ರ ಎರಡೇ ಬೆರಳಲ್ಲಿ ತಿರುಗಿಸಿ ಬಿಡಿಸುತ್ತಾ ಹೋದಳು. ಗಂಟು ಮುರಿಯಬಾರದು, ಮುರಿದರೆ ಮುಂದಿನ ವರ್ಷ ಆ ಜಾಗದಲ್ಲಿ ಹೂವಿಲ್ಲ. ಹುಡುಗ ಮಾತು ನಿಲ್ಲಿಸಿ ನೋಡುತ್ತಾ ನಿಂತ. ನನಗೆ ಹೆಮ್ಮೆಯಾಯಿತು, ಫೋಟೋ ತೆಗೆದೆ.

ವಾಪಸ್ಸು ಬಂದಾಗ ಮನೆಯ ಯಜಮಾನಿಯೇ ಜಗಲಿಗೆ ಕಾಫಿ ತಂದರು. ‘ಕೂತ್ಕೊಳ್ಳಿ ಅಮ್ಮ’ ಎಂದು ಬೆತ್ತದ ಕುರ್ಚಿ ಎಳೆದರು. ಅವ್ವ ಕೂರಲಿಲ್ಲ, ಕಾಲು ನೋವು, ನಿಂತೇ ಇರ್ತೀನಿ ಅಂದಳು. ಕಾಲು ನೋವಿಗೆ ಯಾರಾದರೂ ನಿಲ್ಲುತ್ತಾರೆಯೇ? ಮೆಟ್ಟಿಲ ಕೆಳಗೆ ನಿಂತು ಕುಡಿದಳು. ನಾನು ಆ ಯಜಮಾನಿಯವರ ಜೊತೆ ಯಾವ ಹುರಿ, ಎಷ್ಟು ಚಿಕೋರಿ ಎಂದು ಮಾತಾಡುತ್ತಿದ್ದೆ. ತಿರುಗಿ ನೋಡಿದರೆ ಅವ್ವ ಇಲ್ಲ. ಪಕ್ಕದ ನಲ್ಲಿಯ ಹತ್ತಿರ ಲೋಟ ತೊಳೆಯುತ್ತಿದ್ದಳು. ತೊಳೆದು, ಜಗಲಿಯ ಅಂಚಿನಲ್ಲಿ, ಉಳಿದ ಲೋಟಗಳಿಂದ ಒಂದು ಮಾರು ದೂರದಲ್ಲಿ ಬೋರಲು ಹಾಕಿದಳು. ಯಜಮಾನಿಯವರು, ‘ಅಯ್ಯೋ ಯಾಕಮ್ಮ, ಇಲ್ಲಿ ಕೆಲಸದವರಿದ್ದಾರಲ್ಲ’ ಅಂದರು. ಪಾಪ, ಅವರಿಗೆ ಅದು ಅರ್ಥವಾಗಲಿಲ್ಲ. ‘ತೊಳ್ದಿಟ್ರೆ ಏನವ್ವಾ ಕಳ್ಕೊಳೋದು’ ಎಂದು ಅವ್ವ ನಕ್ಕಳು.

ಮನೆಯಲ್ಲಿ ಐದು ಥರದ ಕಾಫಿ ಯಂತ್ರ ಇರುವವನು, ಮಿಲಾನ್‌ನಲ್ಲಿ ಬಟ್ಟಲು ಬಿಟ್ಟು ಬಂದವನು ನಾನು. ಅಲ್ಲಿ ನನಗೆ ಒಂದು ಮಾತೂ ಹೊರಡಲಿಲ್ಲ. ಬರುವಾಗ ಹುಣಸೂರಿನವರೆಗೂ ಕಾರಿನಲ್ಲಿ ಅವಳಿಗೆ ಏನು ಹೇಳುವುದು ಎಂದು ಯೋಚಿಸಿದೆ. ಹೇಳಿದ್ದು ಮೇಷ್ಟ್ರ ಮನೆಯ ಸರದಿಯ ಕಥೆಯನ್ನು. ಅಷ್ಟು ವರ್ಷವಾದರೂ ಮನೆಯಲ್ಲಿ ನಾನು ಅದನ್ನು ಹೇಳಿಯೇ ಇರಲಿಲ್ಲ. ಪಾಠ ನಿಂತುಹೋಗುತ್ತದೆ ಎಂಬ ಹೆದರಿಕೆ ಆಗ; ಆಮೇಲೆ ಮರೆವು. ಅವ್ವ ಕಿಟಕಿಯ ಆಚೆ ನೋಡಿಕೊಂಡು ಕೇಳಿದಳು. ಬಿಳಿಕೆರೆ ದಾಟಿದ ಮೇಲೆ, ‘ಮೇಷ್ಟ್ರೂ ತೊಳೀತಿದ್ರಾ?’ ಅಂದಳು. ‘ಹನ್ನೆರಡ್ನೇ ವಾರ ತೊಳೆದ್ರು ಕಣವ್ವ, ನನ್ನ ಲೋಟಾನೂವೆ.’ ‘ನಿಮ್ಮಪ್ಪಂಗೆ ಹೇಳಬೇಕಿತ್ತು ನೀನು’ ಅಂದಳು. ಅದಾದ ಮೇಲೆ ಮದ್ದೂರು ಬರುವವರೆಗೆ ಇಬ್ಬರೂ ಮಾತಾಡಲಿಲ್ಲ.

ಅದಕ್ಕೇ ಇವತ್ತು ಕಾಫಿಯ ವಿಷಯ ತೆಗೆದುಕೊಂಡೆ. ಅಪ್ಪನಿಗೆ ಹೇಳಬೇಕಿದ್ದದ್ದನ್ನು ನಿಮ್ಮ ಮುಂದೆ ಹೇಳಿದೆ. ಅವ್ವ ಹೆಂಗಸರ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತಿದ್ದಾಳೆ. ಬೆಳಿಗ್ಗೆಯಿಂದ ನಾನು ಎರಡು ಸಲ ನೋಡಿಕೊಂಡೆ.

ಇನ್ನು ಸಮಿತಿಯವರು ಗಡಿಯಾರ ತೋರಿಸುತ್ತಿದ್ದಾರೆ. ಹಿಂದೆ ಬಿಸಿಯೂಟದ ಕೋಣೆಯಲ್ಲಿ ನಮ್ಮ ತಂಡದ ಹನ್ನೊಂದು ಜನರಲ್ಲಿ ಬಂದಿರುವ ಒಂಬತ್ತು ಜನ ಸೇರಿ ಕಾಫಿ ಮಾಡಿದ್ದೇವೆ. ಪುಡಿ ಕೊಡಗಿನದು, ಹುರಿದವಳು ಅವ್ವ, ಹಾಲು ನಮ್ಮೂರಿನ ಡೇರಿಯದು, ಬೆಲ್ಲ ಆಲೆಮನೆಯದು. ಯಂತ್ರ ಯಾವುದನ್ನೂ ತಂದಿಲ್ಲ. ಮೇಷ್ಟ್ರ ಹಿತ್ತಾಳೆ ಫಿಲ್ಟರಿನಲ್ಲಿ ಮೊದಲ ಡಿಕಾಕ್ಷನ್ ಇಳಿಸಿ, ಉಳಿದದ್ದನ್ನು ಬಟ್ಟೆಯಲ್ಲೇ ಸೋಸಿದ್ದೇವೆ. ಕಾಗದದ ಲೋಟ ಬೇಡವೆಂದು ಹೇಳಿ ನಾನೂರು ಸ್ಟೀಲ್ ಲೋಟ ಬಾಡಿಗೆಗೆ ತಂದಿದ್ದೇವೆ. ಕುಡಿದ ಲೋಟವನ್ನು ದಯವಿಟ್ಟು ಕೂತಲ್ಲೇ ಬಿಡಿ, ಯಾರೂ ಎದ್ದು ತೊಳೆಯಲು ಹೋಗಬೇಡಿ. ಹಾಜರಿ ಪಟ್ಟಿಯ ಪ್ರಕಾರ ಇವತ್ತು ನನ್ನ ಮತ್ತು ಪಂಚಾಯಿತಿ ಸದಸ್ಯರ ಸರದಿ. ಸಕ್ಕರೆ ಕಾಯಿಲೆ ಇರುವ ಹಿರಿಯರು ಬೆಲ್ಲವಿಲ್ಲದ ಕಾಫಿಗೆ ಬಲಗಡೆಯ ಬಾಗಿಲಿನಲ್ಲಿ ಕೇಳಿ.